‘ಉಂಡ್ಯಾ?’ ಅನ್ನುವವರೆಗೆ: ಹೊರಗಿನವನ ಪ್ರೀತಿಯ ಸಣ್ಣ ಸಿನಿಮಾವನ್ನು ಹುಬ್ಬಳ್ಳಿಯಲ್ಲಿ ಮಾಡುವುದಾದರೆ

ಹುಬ್ಬಳ್ಳಿಗೆ ದುಡಿಯಲು ಬಂದ ಪರರಾಜ್ಯದವನ ಜೊತೆ ಊರವರು ಕನ್ನಡ ಮಾತಾಡುವುದು ಕಡಿಮೆ. ಅವನು ಒಂದು ಪದಕ್ಕೆ ತಡವರಿಸಿದರೆ ಸಾಕು, ಅಂಗಡಿಯವರು, ಆಟೋದವರು, ಬಾಡಿಗೆ ಮನೆಯ ಮಾಲೀಕರು ಎಲ್ಲರೂ ನಮ್ಮ ಊರಿನ ಹಿಂದಿಗೆ ಹೊರಳುತ್ತಾರೆ: ‘ಕ್ಯಾ ಹೋನಾ ಭಯ್ಯಾ?’ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಅವನಿಗೆ ಅನುಕೂಲವಾಗಲಿ ಅಂತಲೇ ಹಾಗೆ ಮಾತಾಡುತ್ತಾರೆ. ಆದರೆ ಹತ್ತು ವರ್ಷ ಇಲ್ಲೇ ಇದ್ದರೂ ಅವನು ‘ಭಯ್ಯಾ’ ಆಗಿಯೇ ಉಳಿಯುತ್ತಾನೆ, ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು ಒಳಗೆ ಕರೆಯದೆ ಕಳಿಸಿದ ಹಾಗೆ.

ಇಂಥ ಒಬ್ಬನಿಗೆ ಇದೇ ಊರಿನಲ್ಲಿ ಪ್ರೀತಿ ಸಿಗುವ ಕಥೆಯನ್ನು ಕಡಿಮೆ ದುಡ್ಡಿನಲ್ಲಿ, ಆರೇಳು ಜನರ ತಂಡ ಕಟ್ಟಿಕೊಂಡು ಸಿನಿಮಾ ಮಾಡಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಥ ಚಿತ್ರಗಳು ಬಂದದ್ದು, ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಪ್ರಚಾರಕ್ಕೆ ಹಣವಿಲ್ಲ, ಥಿಯೇಟರಿನಲ್ಲಿ ಒಳ್ಳೆಯ ಶೋ ಸಿಗುವುದಿಲ್ಲ ಎಂಬ ಕಾರಣಗಳೆಲ್ಲ ನಿಜ. ಆದರೆ ಒಂದು ಕಾರಣ ಮಾಡುವವರ ಕೈಯಲ್ಲೇ ಇರುತ್ತದೆ. ಚಿತ್ರೀಕರಣದಲ್ಲಿ ಧ್ವನಿಯನ್ನು ನಿರ್ಲಕ್ಷಿಸಿ, ಆಮೇಲೆ ಸ್ಟುಡಿಯೋದಲ್ಲಿ ಬೇರೆಯವರ ಕಂಠದಿಂದ ಡಬ್ ಮಾಡಿಸುತ್ತಾರೆ. ಆಗ ಹೊರಗಿನವನ ಕನ್ನಡವೂ ಊರಿನವರ ಕನ್ನಡವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಾಗುತ್ತವೆ. ಅವನು ಹೊರಗಿನವನು ಎಂಬುದು ಅಂಗಿ, ಟೋಪಿಯಿಂದ ಮಾತ್ರ ಗೊತ್ತಾಗುತ್ತದೆ. ಕಿವಿಗೆ ಗೊತ್ತಾಗದ ದೂರ ಕಿವಿಗೆ ಗೊತ್ತಾಗುವಂತೆ ಕಡಿಮೆಯಾಗುವುದಾದರೂ ಹೇಗೆ?

ಉದಾಹರಣೆಗೆ ಒಂದು ಕಥೆ ಇಟ್ಟುಕೊಳ್ಳೋಣ. ಕಟ್ಟಡಗಳಿಗೆ ಫರಸಿ, ಟೈಲ್ಸ್ ಹಾಕಲು ಬಂದ ಒಬ್ಬ ಕೆಲಸಗಾರ. ಅವನು ದಿನಾ ಊಟಕ್ಕೆ ಹೋಗುವ ಖಾನಾವಳಿಯನ್ನು ನಡೆಸುವ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಇಡೀ ಸಿನಿಮಾ ಮೂರು ಮಾತಿನಲ್ಲಿದೆ. ಮೊದಲು ಅವಳು ಎಲ್ಲರ ಹಾಗೆ ಕೇಳುತ್ತಾಳೆ: ‘ಖಾನಾ ಹುವಾ ಕ್ಯಾ ಭಯ್ಯಾ?’ ನಡುವೆ ಒಂದು ದಿನ, ಏನೂ ಯೋಚಿಸದೆ, ‘ಊಟ ಆತೇನ್ರಿ?’ ಕೊನೆಗೆ, ‘ಉಂಡ್ಯಾ?’ ಚಿತ್ರಕಥೆ, ವೇಳಾಪಟ್ಟಿ, ಮೈಕು, ಸಂಕಲನ, ಕೊನೆಗೆ ಪ್ರದರ್ಶನದ ಸಭಾಂಗಣ ಎಲ್ಲವನ್ನೂ ಈ ಮೂರು ಮಾತು ಸ್ಪಷ್ಟವಾಗಿ ಕೇಳಿಸುವಂತೆ ಹೊಂದಿಸಬೇಕು.

ಅವನು ಎಲ್ಲಿಯವನು ಅನ್ನುವುದು ಮೊದಲು ತೀರ್ಮಾನವಾಗಲಿ

‘ಉತ್ತರ ಭಾರತದವನು’ ಎಂದು ಬರೆದುಕೊಂಡರೆ ನಟನಿಗೆ ಏನೂ ಸಿಗುವುದಿಲ್ಲ. ಹಿಂದಿಯಲ್ಲಿ ‘ಳ’ ಇಲ್ಲ. ಉತ್ತರ ಪ್ರದೇಶ ಅಥವಾ ಬಿಹಾರದಿಂದ ಬಂದವನು ‘ಊಟಕ್ಕ ಬಾಳೆ ಎಲಿ’ ಎಂಬುದನ್ನು ‘ಬಾಲೆ ಎಲಿ’ ಮಾಡುತ್ತಾನೆ. ಹಿಂದಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದವೂ ಇಲ್ಲ. ಹೀಗಾಗಿ ‘ಕೊಡು’ ಎಂಬುದು ‘ಕೋಡು’ ಆಗುತ್ತದೆ. ಪದದ ಕೊನೆಯ ‘ಅ’ ಬಿದ್ದುಹೋಗಿ ‘ಊಟ’ ‘ಊಟ್’ ಆಗುತ್ತದೆ. ರಾಜಸ್ಥಾನದ ಮಾರವಾಡಿಯಲ್ಲಿ ‘ಳ’ ಇದೆ, ಒಡಿಯಾದಲ್ಲೂ ಇದೆ. ಆ ಕಡೆಯವರು ‘ಹುಬ್ಬಳ್ಳಿ’ಯನ್ನು ‘ಹುಬ್ಲಿ’ ಮಾಡಬೇಕಾದ ಅಗತ್ಯವಿಲ್ಲ. ಒಡಿಯಾ ಮಾತಾಡುವವರು ಪದದ ಕೊನೆಯ ಸ್ವರವನ್ನು ಉಳಿಸುತ್ತಾರೆ, ಆದರೆ ಅವರ ಉಚ್ಚಾರದಲ್ಲಿ ಹ್ರಸ್ವ-ದೀರ್ಘ ಕಲಸಿಹೋಗುತ್ತದೆ. ಒಡಿಶಾದ ಹುಡುಗನ ಪಾತ್ರಕ್ಕೆ ಬಿಹಾರದ ಉಚ್ಚಾರ ಕೊಟ್ಟರೆ ಕನ್ನಡದ ನೋಡುಗರಿಗೆ ಗೊತ್ತಾಗಲಿಕ್ಕಿಲ್ಲ. ಆದರೆ ಅದನ್ನು ನೋಡಲು ಬಂದ ಒಡಿಶಾದ ಒಬ್ಬನಿಗೆ ಗೊತ್ತಾಗುತ್ತದೆ. ಅವನ ಮೇಲೇ ಸಿನಿಮಾ ಮಾಡಿ ಅವನಿಗೇ ಮೋಸ ಮಾಡಬಾರದು.

ತಪ್ಪುಗಳಿಗೂ ಒಂದು ಕ್ರಮ ಇರಲಿ. ಹೊಸಬರು ಮೊದಲು ಕಲಿಯುವುದು ನಾಮಪದಗಳನ್ನು: ರೊಟ್ಟಿ, ನೀರು, ಉಸುಕು, ಪಗಾರ. ಆಮೇಲೆ ‘ಬೇಕು, ಬೇಡ, ಐತಿ, ಇಲ್ಲ’. ಆಮೇಲೆ ‘ರೀ’. ಇಲ್ಲಿ ಎಲ್ಲರ ಮಾತಿನ ತುದಿಯಲ್ಲೂ ‘ರೀ’ ಕೇಳಿ ಕೇಳಿ, ಕಲಿಯುವವನು ಅದನ್ನು ಸಣ್ಣ ಹುಡುಗರಿಗೂ ಹಚ್ಚುತ್ತಾನೆ, ಬೀದಿ ನಾಯಿಗೂ ಹಚ್ಚುತ್ತಾನೆ. ಕ್ರಿಯಾಪದದ ತುದಿ ಎಲ್ಲಕ್ಕಿಂತ ತಡವಾಗಿ ಕೈಗೆ ಬರುತ್ತದೆ. ‘ನಾ ಹೊಂಟೀನಿ’ ಅನ್ನಬೇಕಾದಲ್ಲಿ ‘ನಾ ಹೊಂಟಾನ’ ಎನ್ನುತ್ತಾನೆ. ಚಿತ್ರಕಥೆಯಲ್ಲಿ ದೃಶ್ಯ ಸಂಖ್ಯೆಯ ಪಕ್ಕದಲ್ಲಿ ‘ಅವನ ಕನ್ನಡ: 2ನೇ ಹಂತ’ ಎಂದು ಬರೆದಿಡಿ. ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ಮೊದಲ ದಿನವೇ ಕೊನೆಯ ದೃಶ್ಯ ತೆಗೆಯಬೇಕಾಗಬಹುದು. ಈ ಗುರುತು ಇಲ್ಲದಿದ್ದರೆ 40ನೇ ದೃಶ್ಯದಲ್ಲಿ ಸರಿಯಾಗಿ ಮಾತಾಡಿದವನು 55ನೇ ದೃಶ್ಯದಲ್ಲಿ ಮತ್ತೆ ತೊದಲುತ್ತಾನೆ.

ಊರಿನವರ ಮಾತಿನಲ್ಲೂ ಒಂದೇ ಬಣ್ಣ ಬೇಡ. ಧಾರವಾಡದ ಕೆಲವು ಮನೆಗಳಲ್ಲಿ ‘ಹೋಗಲಿಕ್ಕೆ ಹತ್ತೀನಿ’, ಬೇರೆ ಕಡೆ ‘ಹೋಗಾಕತ್ತೀನಿ’. ಹುಬ್ಬಳ್ಳಿಯಲ್ಲಂತೂ ಉರ್ದು, ಮರಾಠಿ, ಕೊಂಕಣಿ ಮೊದಲಿನಿಂದಲೂ ಇವೆ. 1885ರಲ್ಲಿ ರೈಲ್ವೆ ವರ್ಕ್‌ಶಾಪ್ ಶುರುವಾದ ಮೇಲೆ ತೆಲುಗು, ತಮಿಳು ಮನೆಮಾತಿನ ಕುಟುಂಬಗಳೂ ಬಂದು ನೆಲೆಸಿದವು. ಹೊರಗಿನವರನ್ನು ಒಳಗೆ ಮಾಡಿಕೊಂಡೇ ಬೆಳೆದ ಊರು ಇದು. ಖಾನಾವಳಿಗೆ ಬರುವ ಗಿರಾಕಿಗಳಲ್ಲಿ ಒಬ್ಬರಾದರೂ ಅಂಥ ಮನೆತನದವರಿದ್ದರೆ, ಅವರು ಅವನನ್ನು ನೋಡುವ ರೀತಿಯೇ ಬೇರೆ ಇರುತ್ತದೆ. ಅದಕ್ಕೆ ಭಾಷಣ ಬೇಕಿಲ್ಲ, ತಾಟಿನ ಪಕ್ಕ ನೀರಿನ ತಂಬಿಗೆ ಸರಿಸಿದರೆ ಸಾಕು.

‘ಅಕ್ಕಾರ’ ಎಂಬ ತೊಡಕು

ಖಾನಾವಳಿಯ ಹೆಣ್ಣುಮಗಳನ್ನು ಗಿರಾಕಿಗಳೆಲ್ಲ ‘ಅಕ್ಕಾರ’ ಎಂದೇ ಕರೆಯುತ್ತಾರೆ. ಕಿವಿಗೆ ಬಿದ್ದದ್ದನ್ನೇ ಕಲಿಯುವ ಇವನೂ ಹಾಗೇ ಕರೆಯುತ್ತಾನೆ. ಮನಸ್ಸು ಬದಲಾದ ದಿನ ಆ ಪದ ಅವನ ಬಾಯಿಂದ ಬರುವುದಿಲ್ಲ. ಬೇರೆ ಪದವೂ ಗೊತ್ತಿಲ್ಲ. ಹೆಸರು ಹಿಡಿದು ಕರೆಯುವ ಧೈರ್ಯವಿಲ್ಲ. ಹೀಗಾಗಿ ಕರೆಯುವುದನ್ನೇ ಬಿಟ್ಟು, ತಾಟು ಮುಂದೆ ಮಾಡಿ ಸುಮ್ಮನೆ ನಿಲ್ಲುತ್ತಾನೆ. ನನ್ನ ಮಟ್ಟಿಗೆ ಈ ಕಥೆಯ ಪ್ರೇಮ ನಿವೇದನೆ ಅದೇ. ಈ ಒಂದೂವರೆ ಸೆಕೆಂಡಿನ ಮೌನವನ್ನು ಸಂಕಲನದಲ್ಲಿ ‘ನಿಧಾನ ಆಯ್ತು’ ಎಂದು ಕತ್ತರಿಸಿದರೆ ಚಿತ್ರದ ಜೀವವೇ ಹೋಗುತ್ತದೆ. ಅದು ಗೊತ್ತಾಗಬೇಕಾದರೆ ಅದಕ್ಕೂ ಮೊದಲು ನಾಲ್ಕೈದು ಸಲವಾದರೂ ಅವನು ‘ಅಕ್ಕಾರ’ ಎಂದದ್ದು ಸ್ಪಷ್ಟವಾಗಿ ಕೇಳಿರಬೇಕು. ಬರೆಯುವಾಗಲೇ ಎಣಿಸಿ ಇಡಿ.

ಇನ್ನೊಂದು ಪ್ರಶ್ನೆಯನ್ನು ಚಿತ್ರಕಥೆ ತಪ್ಪಿಸಿಕೊಳ್ಳಬಾರದು: ‘ನಿಮ್ಮ ಮಂದಿ ಯಾರ್ರಿ?’ ನಮ್ಮ ಕಡೆ ಜಾತಿ ಕೇಳುವ ಮಾತು ಅದು. ಬಾಡಿಗೆ ಮನೆ ಕೇಳಿದಾಗ ಬರುತ್ತದೆ, ಮದುವೆ ಊಟದ ಪಂಕ್ತಿಯಲ್ಲಿ ಬರುತ್ತದೆ. ಇದನ್ನು ಬಿಟ್ಟು ಬರೆದರೆ ಅವಳು ಎದುರಿಸುವ ಅಪಾಯ ಏನು ಎಂಬುದೇ ತಿಳಿಯುವುದಿಲ್ಲ. ಅವನು ನಾಳೆ ಬೇರೆ ಊರಿಗೆ ಕೆಲಸಕ್ಕೆ ಹೋಗಬಹುದು, ಅವಳು ಅದೇ ಓಣಿಯಲ್ಲಿ ಖಾನಾವಳಿ ನಡೆಸಬೇಕು. ಹೊರಗಿನವನನ್ನು ದೇವರಂಥ ಒಳ್ಳೆಯವನನ್ನಾಗಿ ಮಾಡಿ, ಕಷ್ಟದಲ್ಲಿರುವ ಅವಳನ್ನು ಅವನು ಪಾರುಮಾಡುವಂತೆ ಬರೆದ ಚಿತ್ರಕಥೆಗಳು ಇಲ್ಲೇ ಸೋಲುತ್ತವೆ. ಅವಳಿಗೆ ಅವಳದೇ ಲೆಕ್ಕವಿದೆ, ಸಾಲವಿದೆ, ಸಿಟ್ಟಿದೆ. ಅವನು ಎರಡು ತಿಂಗಳ ಊಟದ ಬಾಕಿ ಇಟ್ಟುಕೊಂಡಿರಲಿ. ಅದನ್ನು ಅವಳು ಕೇಳಲಿ.

ಯಾರ ಕಿವಿ?

ಕನ್ನಡದ ನೋಡುಗರಿಗೆ ಖಾನಾವಳಿಯ ಮಾತೆಲ್ಲ ಅರ್ಥವಾಗುತ್ತದೆ, ಅವನಿಗೆ ಆಗುವುದಿಲ್ಲ. ಹೀಗಾಗಿ ಅವನ ಒಂಟಿತನ ನೋಡುಗರನ್ನು ಮುಟ್ಟುವುದೇ ಇಲ್ಲ. ಇದಕ್ಕೆ ಉಪಾಯವಿದೆ. ಮೊದಲ ಇಪ್ಪತ್ತು ನಿಮಿಷ ಊರಿನವರ ಮಾತನ್ನು ಚೌಕಟ್ಟಿನ ಹೊರಗೆ ಇಡಿ. ಇಬ್ಬರು ಮೂವರು ಒಟ್ಟಿಗೆ, ವೇಗವಾಗಿ, ಪಾತ್ರೆ ಸದ್ದಿನ ನಡುವೆ ಮಾತಾಡಲಿ. ಕಥೆಗೆ ಬೇಕಾದ ಒಂದೆರಡು ಪದ ಮಾತ್ರ ತೇಲಿ ಬರಲಿ. ಅವನಿಗೆ ಅರ್ಥವಾದ ಪದ ಬಂದಾಗ ಸುತ್ತಲಿನ ಗದ್ದಲ ಸ್ವಲ್ಪ ತಗ್ಗಲಿ. ಅವನು ರಾತ್ರಿ ಊರಿಗೆ ಫೋನಿನಲ್ಲಿ ತನ್ನ ಭಾಷೆಯಲ್ಲಿ ಮಾತಾಡುವಾಗ, ಕ್ಯಾಮೆರಾ ಅವಳ ಜೊತೆ ಇದ್ದರೆ ಆ ಮಾತಿಗೆ ಸಬ್‌ಟೈಟಲ್ ಬೇಡ. ಅವಳಿಗೆ ಎಷ್ಟು ತಿಳಿಯಿತೋ ನಮಗೂ ಅಷ್ಟೇ ತಿಳಿಯಲಿ.

ಖಾನಾವಳಿಯೊಳಗೆ ಕ್ಯಾಮೆರಾ

ಲೆಕ್ಕ ಮೊದಲು. ಚಿತ್ರಕಥೆಯ ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ರೂಢಿ. 90 ಪುಟದಲ್ಲಿ 24 ಪುಟ ಖಾನಾವಳಿಯದು ಎಂದುಕೊಳ್ಳಿ. ಮಧ್ಯಾಹ್ನದ ಊಟ ಮುಗಿದು ರಾತ್ರಿಯ ಅಡುಗೆ ಶುರುವಾಗುವ ನಡುವಿನ ಮೂರು ತಾಸು ಮಾತ್ರ, ಅಂದರೆ ಸುಮಾರು ಮೂರೂವರೆಯಿಂದ ಆರೂವರೆವರೆಗೆ, ಜಾಗ ಸಿಗುತ್ತದೆ. ಆ ಅವಧಿಯಲ್ಲಿ ದಿನಕ್ಕೆ 2 ಪುಟಕ್ಕಿಂತ ಹೆಚ್ಚು ಆಗುವುದಿಲ್ಲ. ಅಲ್ಲಿಗೆ 12 ದಿನ. ಉಳಿದ 66 ಪುಟಕ್ಕೆ ದಿನಕ್ಕೆ 5 ಪುಟದಂತೆ 13 ಅಥವಾ 14 ದಿನ. ಮಳೆ, ಜ್ವರ, ಕರೆಂಟ್ ಎಂದು 3 ದಿನ ಕೈಯಲ್ಲಿರಲಿ. ಇಡೀ ಖಾನಾವಳಿಯನ್ನು ನಾಲ್ಕು ದಿನ ಪೂರ್ತಿ ಬಾಡಿಗೆಗೆ ಹಿಡಿದರೆ ಬೇಗ ಮುಗಿಯುತ್ತದೆ, ನಿಜ. ಆದರೆ ಗೊತ್ತಿನ ಗಿರಾಕಿಗಳು ತಿರುಗಿ ಹೋಗುತ್ತಾರೆ, ಮಾಲೀಕರಿಗೆ ಆ ನಷ್ಟ ಬಾಡಿಗೆಯಿಂದ ತುಂಬುವುದಿಲ್ಲ. ಎರಡನೇ ದಿನವೇ ಅವರ ಮುಖ ಗಂಟಿಕ್ಕಿರುತ್ತದೆ.

ಜಾಗ ನೋಡಲು ಹೋದಾಗ ಕಣ್ಣು ಮುಚ್ಚಿ ಐದು ನಿಮಿಷ ಕುಳಿತುಕೊಳ್ಳಿ. ಫ್ರಿಜ್ ಗುಂಯ್‌ಗುಡುತ್ತದೆಯೇ, ಎಕ್ಸಾಸ್ಟ್ ಫ್ಯಾನ್ ಎಷ್ಟು ಸದ್ದು ಮಾಡುತ್ತದೆ, ಎದುರಿಗೆ ವೆಲ್ಡಿಂಗ್ ಅಂಗಡಿ ಇದೆಯೇ, ಗುಡಿಯ ಅಥವಾ ಮಸೀದಿಯ ಮೈಕು ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಬರೆದುಕೊಳ್ಳಿ. ಮದುವೆ ತಿಂಗಳಲ್ಲಿ ಹತ್ತಿರದ ಕಲ್ಯಾಣ ಮಂಟಪದ ಬುಕಿಂಗ್ ಕೂಡ ವಿಚಾರಿಸಿ. ಚಿತ್ರೀಕರಣದ ಹೊತ್ತಿನಲ್ಲಿ ಫ್ರಿಜ್ ಬಂದ್ ಮಾಡಿ, ನಿಮ್ಮ ಬೈಕಿನ ಕೀಲಿಯನ್ನು ಅದರೊಳಗೇ ಇಡಿ. ಕೀಲಿ ತೆಗೆಯದೆ ಯಾರೂ ಮನೆಗೆ ಹೋಗಲಾರರು, ಹಾಗಾಗಿ ಫ್ರಿಜ್ ಮತ್ತೆ ಹಚ್ಚುವುದು ಮರೆಯುವುದಿಲ್ಲ. ಮಾಲೀಕರ ಮೊಸರು ಕೆಡುವುದಿಲ್ಲ.

ಕಡಪಾ ಕಲ್ಲಿನ ಟೇಬಲ್, ಟೈಲ್ಸ್ ನೆಲ, ಆಯಿಲ್ ಪೇಂಟಿನ ಗೋಡೆ, ತಗಡಿನ ಚಾವಣಿ ಇವೆಲ್ಲ ಸೇರಿ ಮಾತನ್ನು ಡಬ್ಬಿಯೊಳಗಿನ ಮಾತಿನಂತೆ ಮಾಡುತ್ತವೆ. ಅದಕ್ಕೆ ನಮ್ಮ ಮನೆಗಳಲ್ಲೇ ಮದ್ದಿದೆ: ಕೌದಿ. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಪ್ರತಿಧ್ವನಿಯನ್ನು ಚೆನ್ನಾಗಿ ನುಂಗುತ್ತದೆ. ಆರು ಕೌದಿ ತನ್ನಿ. ಕ್ಯಾಮೆರಾಗೆ ಕಾಣದ ಎರಡು ಗೋಡೆಗೆ ನಾಲ್ಕು, ಟೇಬಲ್ಲಿನ ಕೆಳಗೆ ನೆಲಕ್ಕೆ ಒಂದು, ಕ್ಯಾಮೆರಾದ ಹಿಂದೆ ಒಂದು. ಗೋಡೆಗೆ ಒತ್ತಿ ಕಟ್ಟದೆ ನಾಲ್ಕು ಬೆರಳು ಬಿಟ್ಟು ಇಳಿಬಿಟ್ಟರೆ ಇನ್ನೂ ಒಳ್ಳೆಯದು. ತಾಟಿನ ಕೆಳಗೆ ಕಾಣದಂತೆ ದಪ್ಪ ಬಟ್ಟೆಯ ತುಂಡು ಇಡಿ, ಇಲ್ಲದಿದ್ದರೆ ಸ್ಟೀಲು ಕಲ್ಲಿಗೆ ತಾಗಿದ ಠಣ್ ಎಂಬ ಸದ್ದು ಮಾತಿನ ನಡುವೆಯೇ ಬೀಳುತ್ತದೆ.

ಬೂಮ್ ಮೈಕ್, ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿ ಚೌಕಟ್ಟಿನ ಹೊರಗಿನಿಂದ ಹಿಡಿಯುವ ಮೈಕ್, ಬಾಯಿಂದ 45ರಿಂದ 60 ಸೆಂಟಿಮೀಟರ್ ಮೇಲೆ, ಎದೆಯ ಕಡೆ ಮುಖ ಮಾಡಿರಲಿ. ಉದ್ದದ ಶಾಟ್‌ಗನ್ ಮೈಕ್ ಬಯಲಿಗೆ ಸರಿ. ತಗ್ಗಿನ ಚಾವಣಿಯ ಸಣ್ಣ ಕೋಣೆಯಲ್ಲಿ ಅದು ಗೋಡೆಯಿಂದ ಮರಳಿದ ಸದ್ದನ್ನೂ ಹಿಡಿದು ಮಾತನ್ನು ಟೊಳ್ಳಾಗಿಸುತ್ತದೆ, ಅಲ್ಲಿ ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಗಿಡ್ಡನೆಯ ಹೈಪರ್‌ಕಾರ್ಡಿಯಾಯ್ಡ್ ಮೈಕ್ ವಾಸಿ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಏರು ಮೈನಸ್ 12 ಡೆಸಿಬೆಲ್ ಸುತ್ತ ಇದ್ದರೆ ಯಾರಾದರೂ ತಟ್ಟನೆ ಕೂಗಿದರೂ ಒಡೆಯುವುದಿಲ್ಲ. ಕಾಲರ್ ಮೈಕ್ ಹಚ್ಚಿದರೂ ಬೂಮ್ ಬಿಡಬೇಡಿ. ಹೊಸ ಇಳಕಲ್ ಸೀರೆಯ ಗಂಜಿ ಮೈಕಿಗೆ ಉಜ್ಜಿದರೆ ಮಾತೇ ಕೇಳುವುದಿಲ್ಲ, ಸೀರೆಯನ್ನು ಎರಡು ಸಲ ಒಗೆದು ಮೆತ್ತಗೆ ಮಾಡಿಕೊಳ್ಳಿ. ಪ್ರತಿ ದೃಶ್ಯ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ನಿಂತು, ಒಂದು ನಿಮಿಷ ಆ ಕೋಣೆಯ ಬರೀ ಸದ್ದನ್ನು ಹಿಡಿಯಿರಿ. ತಂಡ ಸುಸ್ತಾಗಿ ಚಹಾ ಕಡೆ ನೋಡುತ್ತಿರುತ್ತದೆ, ಆದರೂ ಬಿಡಬೇಡಿ. ಆ ಒಂದು ನಿಮಿಷ ಇಲ್ಲದಿದ್ದರೆ ಸಂಕಲನದಲ್ಲಿ ಎರಡು ಟೇಕ್ ಕೂಡಿಸಿದ ಜಾಗದಲ್ಲೆಲ್ಲ ಸದ್ದು ಕುಕ್ಕುತ್ತದೆ.

ಬಳೆಗಳ ಮಾತು ಬೇರೆಯೇ ಹೇಳಬೇಕು. ಅವಳ ಕೈಯ ಗಾಜಿನ ಬಳೆ ತೆಗೆಸಿದರೆ ಪಾತ್ರವೇ ಬದಲಾಗುತ್ತದೆ, ನಮ್ಮಲ್ಲಿ ಬರಿಗೈಗೆ ಬೇರೆಯೇ ಅರ್ಥವಿದೆ. ಬಡಿಸುವ ದೂರದ ಶಾಟ್‌ನಲ್ಲಿ ಬಳೆ ಚೆನ್ನಾಗಿ ಸದ್ದು ಮಾಡಲಿ. ಹತ್ತಿರದ ಮಾತಿನ ಶಾಟ್‌ನಲ್ಲಿ ಬಳೆಗಳ ನಡುವೆ ಪಾರದರ್ಶಕ ಟೇಪಿನ ಸಣ್ಣ ತುಂಡು ಸೇರಿಸಿ ಒಂದಕ್ಕೊಂದು ಅಂಟಿಸಿ. ಬಳೆ ಕಾಣುತ್ತದೆ, ಸದ್ದಿರುವುದಿಲ್ಲ. ಬೇಕಾದ ಕಿಣಿಕಿಣಿಯನ್ನು ಆಮೇಲೆ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿ ಹಚ್ಚಬಹುದು.

ರೊಟ್ಟಿಯದೂ ಹಾಗೆ. ಖಡಕ್ ರೊಟ್ಟಿ ಮುರಿದರೆ ಸಿಡಿದಂತೆ ಕೇಳುತ್ತದೆ, ಒಂದು ಮಾತು ಪೂರ್ತಿ ಮುಚ್ಚಿಹೋಗುತ್ತದೆ. ಮಾತಿರುವ ದೃಶ್ಯಕ್ಕೆ ಬಿಸಿ, ಮೆತ್ತನೆಯ ರೊಟ್ಟಿ. ಖಡಕ್ ರೊಟ್ಟಿಯನ್ನು ಅವನು ಒಬ್ಬನೇ ಕೂತು ತಿನ್ನುವ ದೃಶ್ಯಕ್ಕೆ ಇಡಿ. ಅಲ್ಲಿ ಆ ಸದ್ದು ಅವನ ಒಂಟಿತನವನ್ನು ಸಂಗೀತಕ್ಕಿಂತ ಚೆನ್ನಾಗಿ ಹೇಳುತ್ತದೆ. ಒಂದು ಊಟದ ದೃಶ್ಯಕ್ಕೆ 3 ಕೋನ, ಕೋನಕ್ಕೆ 6 ಟೇಕ್ ಅಂದರೆ 18 ರೊಟ್ಟಿ, ಕೈಯಲ್ಲಿ 6 ಹೆಚ್ಚು, ಒಟ್ಟು 24. ಎಣ್ಣಿಗಾಯಿಯ ಎಣ್ಣೆ ತಾಟಿನಲ್ಲಿ ಹರಡಿದ ಗುರುತು, ಶೇಂಗಾ ಚಟ್ನಿಯ ಗುಡ್ಡೆ, ಉಳ್ಳಾಗಡ್ಡಿ ತುಂಡು ಎಷ್ಟು ಉಳಿದಿತ್ತು ಎಂಬುದರ ಫೋಟೋ ಪ್ರತಿ ಟೇಕಿಗೂ ಬೇಕು. ಯಾವ ಪದಕ್ಕೆ ರೊಟ್ಟಿ ಮುರಿದ, ಯಾವ ಪದಕ್ಕೆ ತುತ್ತು ಬಾಯಿಗಿಟ್ಟ ಎಂದು ಒಬ್ಬರು ಬರೆಯುತ್ತಿರಬೇಕು. ಇದು ಹೊಂದದಿದ್ದರೆ ಚೆನ್ನಾದ ಅಭಿನಯದ ಟೇಕನ್ನೇ ಬಿಸಾಡಬೇಕಾಗುತ್ತದೆ. ರೊಟ್ಟಿ ಬಡಿಯುವ ಸದ್ದನ್ನು ಯಾವ ಮಾತೂ ಇಲ್ಲದೆ ಹತ್ತಿರದಿಂದ ಎರಡು ನಿಮಿಷ ಹಿಡಿದುಕೊಳ್ಳಿ. ಸಿಟ್ಟಿನಲ್ಲಿ ಬಡಿದದ್ದು, ಯಾರನ್ನೋ ನೆನೆಯುತ್ತ ನಿಧಾನವಾಗಿ ಬಡಿದದ್ದು, ಎರಡೂ ಬೇಕು. ಈ ಸಿನಿಮಾಕ್ಕೆ ತಬಲಾ ಅದೇ.

ಬೆಳಕಿನ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆಯುವಾಗ ಶಟರ್ 1/48 ಸೆಕೆಂಡ್ ಇಟ್ಟರೆ ಚಿತ್ರದಲ್ಲಿ ಪಟ್ಟೆ ತೇಲುತ್ತವೆ, 1/50 ಇಡಿ. ಹಸಿರು ಆಯಿಲ್ ಪೇಂಟಿನ ಗೋಡೆಯ ಪಕ್ಕ ಕೂತವರ ಮುಖಕ್ಕೂ ಹಸಿರು ಹೊಡೆಯುತ್ತದೆ. ಚೌಕಟ್ಟಿನ ಹೊರಗಿನ ಗೋಡೆಗೆ ಬಿಳಿ ಪಂಚೆ ಇಳಿಬಿಡಿ. ಹುಬ್ಬಳ್ಳಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಕಣ್ಣಿನ ಗುಳಿ ಕಪ್ಪಾಗುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗಿನ ಓರೆ ಬಿಸಿಲಿಗೆ ಪಡುವಣ ಬಾಗಿಲಿನ ಖಾನಾವಳಿ ಸಿಕ್ಕರೆ ದೀಪವೇ ಬೇಡ.

ನಟರು

ನಮ್ಮ ಭಾಗದಲ್ಲಿ ನಟರಿಗೆ ಬರವಿಲ್ಲ. ಧಾರವಾಡದಲ್ಲಿ ರಂಗಾಯಣವಿದೆ, ಹವ್ಯಾಸಿ ತಂಡಗಳಿವೆ. ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಕಾಲದಿಂದ ಬಂದ ಕಂಪನಿ ನಾಟಕದ ನೆನಪಿದೆ. ತೊಂದರೆ ಏನೆಂದರೆ ರಂಗದ ಕಂಠ ಕೊನೆಯ ಸಾಲಿಗೆ ಮುಟ್ಟಲು ಪಳಗಿದ್ದು. ಕ್ಯಾಮೆರಾ ಮುಂದೆ ಅದು ಜಗಳದಂತೆ ಕೇಳುತ್ತದೆ. ‘ಮೆಲ್ಲಗೆ ಮಾತಾಡ್ರಿ’ ಎಂದರೆ ಪಿಸುಮಾತಾಗುತ್ತದೆ, ಅದೂ ನಾಟಕೀಯವೇ. ಅದರ ಬದಲು ಇಬ್ಬರನ್ನೂ ಮೂರು ಅಡಿ ದೂರದಲ್ಲಿ ಕೂರಿಸಿ, ಕೈಗೆ ಕೆಲಸ ಕೊಡಿ. ಅವರೆಕಾಯಿ ಸುಲಿಯಲಿ, ಬೆಳ್ಳುಳ್ಳಿ ಬಿಡಿಸಲಿ. ಕೈ ಕೆಲಸದಲ್ಲಿದ್ದರೆ ದನಿ ತಾನಾಗಿ ಮನೆಯ ದನಿಯಾಗುತ್ತದೆ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದಾಗಿನಿಂದ ಈ ಊರಿಗೆ ಬಾನುಲಿ ನಾಟಕದ ರೂಢಿಯಿದೆ. ಅದರಲ್ಲಿ ಪಳಗಿದ ಹಿರಿಯರಿಗೆ ಮೈಕಿನ ಹತ್ತಿರ ಉಸಿರನ್ನು ಎಷ್ಟು ಬಿಡಬೇಕು ಎಂಬುದು ಗೊತ್ತು. ಅವಳ ತಾಯಿಯ ಪಾತ್ರಕ್ಕೆ ಅಂಥವರನ್ನು ಹುಡುಕಿ.

ಹೊರಾಂಗಣ, ಹಾಡು

ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಅವನು ಇಳಿಯುವ ಶಾಟ್ ತೆಗೆಯಬೇಕು ಅನ್ನಿಸುವುದು ಸಹಜ. ರೈಲ್ವೆಯ ಲಿಖಿತ ಅನುಮತಿ, ಶುಲ್ಕ ಎರಡೂ ಬೇಕು. ಅನುಮತಿಯಿಲ್ಲದೆ ಮೊಬೈಲಿನಲ್ಲಿ ಕದ್ದು ತೆಗೆದದ್ದನ್ನು ಮುಂದೆ ಸಿನಿಮಾದಲ್ಲಿ ಬಳಸುವುದು ತಲೆನೋವು. ನಿಲ್ದಾಣದ ಹೊರಗಿನ ರಸ್ತೆಯಲ್ಲಿ ಚೀಲ ಹಿಡಿದು ನಿಂತವನ ಹಿಂದೆ ಘೋಷಣೆಯ ದನಿ ಬಂದರೂ ಅದೇ ಕೆಲಸವಾಗುತ್ತದೆ. ಕಪ್ಪತಗುಡ್ಡದ ಕಡೆ, ಗದಗಿನ ಗಾಳಿಯಂತ್ರಗಳ ಬಯಲಿನಲ್ಲಿ ದೃಶ್ಯವಿದ್ದರೆ ಜೂನ್‌ನಿಂದ ಆಗಸ್ಟ್ ಬೇಡ. ಆ ಗಾಳಿಗೆ ಮೈಕಿನ ತುಪ್ಪಳದ ಹೊದಿಕೆಯೂ ಸಾಲದು. ಉಳಿದ ತಿಂಗಳಲ್ಲಿ ಹೊದಿಕೆ ಹಾಕಿ, 80 ಹರ್ಟ್ಸ್ ಕೆಳಗಿನ ಗುಡುಗುಡು ಸದ್ದನ್ನು ಸೋಸಿದರೆ ಮಾತು ಉಳಿಯುತ್ತದೆ. ಹಾವೇರಿ ಕಡೆ ಹೋರಿ ಬೆದರಿಸುವ ದೃಶ್ಯ ಸೇರಿಸುವ ಆಸೆಯಿದ್ದರೆ, ಪ್ರಾಣಿ ಕಲ್ಯಾಣ ಮಂಡಳಿಯ ಪತ್ರವಿಲ್ಲದೆ ಸೆನ್ಸಾರ್ ದಾಟುವುದಿಲ್ಲ ಎಂಬುದು ನೆನಪಿರಲಿ. ಚಿತ್ರೀಕರಣಕ್ಕೆ ಮೊದಲೇ ಕೇಳಬೇಕು.

ಖಾನಾವಳಿಯ ರೇಡಿಯೋ ಬಂದ್ ಇರಲಿ. ಮಾತಿನ ಹಿಂದೆ ಸಿನಿಮಾ ಹಾಡು ಸೇರಿಕೊಂಡರೆ ಆ ಟೇಕನ್ನು ಕತ್ತರಿಸಲೂ ಆಗುವುದಿಲ್ಲ, ಹಾಡಿನ ಹಕ್ಕಿಗೆ ದುಡ್ಡು ಕೊಡಲೂ ಆಗುವುದಿಲ್ಲ. ಹಾಡು ಬೇಕೇ ಬೇಕೆಂದರೆ ಶಿಶುನಾಳ ಶರೀಫರ ತತ್ವಪದಗಳಿವೆ. ಶರೀಫರು 1889ರಲ್ಲಿ ತೀರಿಕೊಂಡವರು, ಪದಗಳು ಎಲ್ಲರವು. ಆದರೆ ಯಾರೋ ಹಾಡಿದ ಧ್ವನಿಮುದ್ರಿಕೆ ಎಲ್ಲರದಲ್ಲ, ನಿಮ್ಮವರಿಂದಲೇ ಹಾಡಿಸಬೇಕು. ಧಾರವಾಡದ ಕಥೆಯೆಂದು ಬೇಂದ್ರೆಯವರ ಕವಿತೆ ಇಡುವವರು ಒಂದು ಲೆಕ್ಕ ಮಾಡಿಕೊಳ್ಳಿ. ಲೇಖಕರ ಮರಣದ ನಂತರ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. 2041 ಮುಗಿಯುವವರೆಗೆ ಹಕ್ಕುದಾರರ ಒಪ್ಪಿಗೆ ಬೇಕು.

ಸಬ್‌ಟೈಟಲ್ ಮತ್ತು ಸೆನ್ಸಾರ್

ಇಂಗ್ಲಿಷ್ ಸಬ್‌ಟೈಟಲಿನಲ್ಲಿ ‘ಊಟ ಆತೇನ್ರಿ’ಗೂ ‘ಉಂಡ್ಯಾ’ಗೂ ಒಂದೇ ಅನುವಾದ ಬರುತ್ತದೆ. ಅಲ್ಲಿಗೆ ಇಡೀ ಕಥೆ ಮಣ್ಣುಪಾಲು. ಇಂಗ್ಲಿಷಿನಲ್ಲಿ ನೀನು-ನೀವು ಭೇದವಿಲ್ಲ. ಹೀಗಾಗಿ ಬೇರೆ ದಾರಿ ಹಿಡಿಯಬೇಕು. ಮೊದಲ ಮಾತಿಗೆ ‘ಭಯ್ಯಾ’ ಎಂಬುದನ್ನು ಹಾಗೇ ಉಳಿಸಿ. ಎರಡನೆಯದಕ್ಕೆ ಪೂರ್ಣ, ಮರ್ಯಾದೆಯ ವಾಕ್ಯ. ಮೂರನೆಯದಕ್ಕೆ ಒಂದೇ ಪದ. ‘ಅಕ್ಕಾರ’ ಕೂಡ ಅನುವಾದವಾಗದೆ ‘ಅಕ್ಕ’ ಎಂದೇ ಬರಲಿ, ಆಗ ಅದು ನಿಂತದ್ದು ಪರಭಾಷೆಯವರಿಗೂ ಕಾಣುತ್ತದೆ. ಒಂದು ಸಬ್‌ಟೈಟಲ್ ಎರಡು ಸಾಲು ದಾಟಬಾರದು, ಸಾಲಿಗೆ 40 ಅಕ್ಷರದ ಸುಮಾರು, ಪರದೆಯ ಮೇಲೆ ಕನಿಷ್ಠ ಒಂದು ಸೆಕೆಂಡ್. ಮೈಸೂರು-ಬೆಂಗಳೂರಿನವರಿಗೆ ತಿಳಿಯಲಿ ಎಂದು ನಮ್ಮ ಕಡೆಯ ಮಾತನ್ನು ತೆಳುಮಾಡುವುದು ಬೇಡವೇ ಬೇಡ. ಕೇಳುತ್ತ ಕೇಳುತ್ತ ಅವರೂ ಕಲಿಯುತ್ತಾರೆ, ನಾಯಕ ಕಲಿತ ಹಾಗೆಯೇ.

ಥಿಯೇಟರಿಗೆ ಬರಬೇಕಾದರೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಅರ್ಜಿ ಆನ್‌ಲೈನ್, ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. 2024ರ ನಿಯಮಗಳಿಂದ ಯುಎ ವರ್ಗದಲ್ಲೇ (ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳು) 7+, 13+, 16+ ಎಂಬ ಮೂರು ಮೆಟ್ಟಿಲುಗಳಿವೆ. ಎಲ್ಲರೂ ಎಡವುವುದು ತಂಬಾಕಿನಲ್ಲಿ. ನಾಯಕ ಗುಟ್ಕಾ ಹಾಕಿದರೆ ಅಥವಾ ಬೀಡಿ ಸೇದಿದರೆ, ಚಿತ್ರದ ಆರಂಭದಲ್ಲೂ ನಡುವೆಯೂ ಆರೋಗ್ಯ ಸಂದೇಶ ಬರಬೇಕು. ಸಾಲದ್ದಕ್ಕೆ ತಂಬಾಕು ಕಾಣುವಷ್ಟು ಹೊತ್ತೂ ಪರದೆಯ ಕೆಳಗೆ ಎಚ್ಚರಿಕೆಯ ಸಾಲು ಇರಬೇಕು. ಅವಳು ಮೊದಲ ಸಲ ಅವನ ಪಕ್ಕ ಕೂತ ಹೊತ್ತಿಗೆ ಕೆಳಗೆ ಕ್ಯಾನ್ಸರಿನ ಮಾತು ಬಂದರೆ ದೃಶ್ಯ ಹೋದಂತೆಯೇ. ಎಲಿ-ಅಡಿಕಿ ಸಾಕು, ತಂಬಾಕು ಬೇಡ. ರಾಷ್ಟ್ರ ಪ್ರಶಸ್ತಿಗೆ ಕಳಿಸುವ ಆಲೋಚನೆಯಿದ್ದರೆ ಪ್ರಮಾಣಪತ್ರದ ತಾರೀಖು ನೋಡಿ. ಡಿಸೆಂಬರ್ ಕೊನೆಯ ವಾರದಲ್ಲಿ ಸಿಕ್ಕರೆ ಆ ವರ್ಷದ ಲೆಕ್ಕಕ್ಕೇ ಸೇರಿ, ಅರ್ಜಿಗೆ ಕೈಯಲ್ಲಿ ಸಮಯವೇ ಉಳಿಯುವುದಿಲ್ಲ.

ಮೊದಲ ಪ್ರದರ್ಶನ ಇಲ್ಲೇ ಆಗಲಿ

ಥಿಯೇಟರ್ ಸಿಗದಿದ್ದರೆ ಪ್ರಮಾಣಪತ್ರ ಪಡೆದ ಮೇಲೆ ಧಾರವಾಡದ 150 ಕುರ್ಚಿಯ ಒಂದು ಸಭಾಂಗಣ ಸಾಕು. ಪರದೆ 12 ಅಡಿ ಅಗಲ, 6.75 ಅಡಿ ಎತ್ತರ ಎಂದರೆ 81 ಚದರಡಿ. ಚಿತ್ರಮಂದಿರದ ಮಟ್ಟದ ಬೆಳಕು ಚದರಡಿಗೆ 14 ಲೂಮೆನ್, ಅಂದರೆ ಪರದೆಗೆ ಸುಮಾರು 1,134 ಲೂಮೆನ್ ಮುಟ್ಟಬೇಕು. ದೀಪ ಹಳೆಯದಾಗಿರುತ್ತದೆ, ಡಬ್ಬಿಯ ಮೇಲೆ ಬರೆದಷ್ಟು ಯಾವ ಪ್ರೊಜೆಕ್ಟರೂ ಕೊಡುವುದಿಲ್ಲ. ಹೀಗಾಗಿ 3,000 ಲೂಮೆನ್‌ನದು ತರಿಸಿ. ಕಿಟಕಿಗಳಿಗೆ ಕಪ್ಪು ಬಟ್ಟೆ, ಅದರ ಅಂಚಿಗೂ ಟೇಪು.

ಸಭೆ-ಸಮಾರಂಭದ ಸ್ಪೀಕರುಗಳನ್ನು ಗೋಡೆಯುದ್ದಕ್ಕೂ ಹಚ್ಚಿರುತ್ತಾರೆ. ಅವನ್ನು ಬಂದ್ ಮಾಡಿಸಿ. ಮಾತು ಪರದೆಯಿಂದಲೇ ಬರಬೇಕು, ಎರಡು ಒಳ್ಳೆಯ ಸ್ಪೀಕರ್ ಪರದೆಯ ಪಕ್ಕದಲ್ಲೇ, ಕೂತವರ ತಲೆಗಿಂತ ಮೇಲೆ ಇರಲಿ. ಖಾಲಿ ಸಭಾಂಗಣದಲ್ಲಿ ಹೊಂದಿಸಿದ ದನಿ ಜನ ತುಂಬಿದ ಮೇಲೆ ಮಂದವಾಗುತ್ತದೆ, ಮೈ ಮತ್ತು ಬಟ್ಟೆ ಸದ್ದನ್ನು ಹೀರುತ್ತವೆ. ಸುಮಾರು 3 ಡೆಸಿಬೆಲ್ ಏರಿಸಿ ಇಟ್ಟುಕೊಳ್ಳಿ. ಎಲ್ಲಕ್ಕಿಂತ ದೊಡ್ಡ ಶತ್ರು ಚಾವಣಿಯ ಫ್ಯಾನು. ಹನ್ನೆರಡು ಫ್ಯಾನು ಪೂರ್ತಿ ವೇಗದಲ್ಲಿ ತಿರುಗಿದರೆ ಕೌದಿ ಕಟ್ಟಿ, ಬಳೆಗೆ ಟೇಪು ಹಚ್ಚಿ ಹಿಡಿದ ಮಾತೆಲ್ಲ ಗಾಳಿಗೆ ಹೋಗುತ್ತದೆ. ಪ್ರದರ್ಶನವನ್ನು ಡಿಸೆಂಬರ್, ಜನವರಿಯ ಸಂಜೆಗೆ ಇಟ್ಟರೆ ಫ್ಯಾನು ಬಂದ್ ಮಾಡಿದರೂ ಯಾರೂ ಗೊಣಗುವುದಿಲ್ಲ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ರೆಗ್ಯುಲೇಟರ್ 2ಕ್ಕೆ ಇಡಿ. ಬಾಗಿಲು ತೆರೆಯುವ ಮೊದಲು ಕೊನೆಯ ಸಾಲಿನ ಮೂಲೆಯ ಕುರ್ಚಿಯಲ್ಲಿ ಕೂತು, ಚಿತ್ರದ ಕೊನೆಯ ಮೂರು ನಿಮಿಷ ಹಾಕಿಸಿ. ಅವಳು ಒಲೆಯ ಕಡೆ ಮುಖ ಮಾಡಿಯೇ, ತಿರುಗದೆ, ‘ಉಂಡ್ಯಾ?’ ಎಂದದ್ದು ಅಲ್ಲಿಗೆ ಕೇಳಿದರೆ ಜನರನ್ನು ಒಳಗೆ ಬಿಡಿ.